ಎಡಬಲ ಇಲ್ಲದ ಮನೆ

ತೊಗರಿಬೇಳೆ ಆರಿಸುತ್ತ ಕಟ್ಟೆಯ ಮೇಲೆ ಕೂತಿದ್ದೆ. ಮೊರದಲ್ಲಿ ಅರ್ಧ ಮುಗಿದಿತ್ತು. ಅಮಾವಾಸ್ಯೆ ಕಳೆದು ಮೂರನೆಯ ದಿನ. ಈ ಸಲ ನಮ್ಮ ಮನೆ ಹಿಟ್ಟಿನ ಗಿರಣಿಯ ಪಕ್ಕಕ್ಕೆ ಬಂದು ನಿಂತಿದ್ದರಿಂದ ಬೇಳೆಯ ಮೇಲೆಲ್ಲ ಬಿಳೀ ಧೂಳು ಕೂರುತ್ತಿತ್ತು. ಕಲ್ಲು ಯಾವುದು ಕಾಳು ಯಾವುದು ಕಣ್ಣಿಗೆ ತಿಳಿಯದೆ ಬೆರಳಲ್ಲೇ ತಡವಿ ತೆಗೆಯುತ್ತಿದ್ದೆ. ಹೋದ ತಿಂಗಳು ನಮ್ಮ ಪಕ್ಕಕ್ಕೆ ಹೂಗಾರರಿದ್ದರು, ಕೂತಲ್ಲಿಗೇ ಮಲ್ಲಿಗೆಯ ವಾಸನೆ ಬರುತ್ತಿತ್ತು. ಈ ತಿಂಗಳಿಗೆ ಗಿರಣಿಯ ಸದ್ದು. ಇರಲಿ, ಇಪ್ಪತ್ತೇಳು ದಿನದ ಮಾತು ಅಂದುಕೊಂಡು ಕೈ ಆಡಿಸುತ್ತಿದ್ದೆ.

ಆಗ ಜೈತುನ್ ಬಂದಳು. ಸೈಕಲ್ ರಿಪೇರಿಯ ಖಾದರಸಾಬನ ಮಗಳು. ಪೇಟೆಯಲ್ಲಿ ಕಂಪ್ಯೂಟರ್ ಓದಿ ಬಂದು, ನಮ್ಮ ಊರಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಬಗಲಲ್ಲಿ ಲ್ಯಾಪ್‌ಟಾಪಿನ ಚೀಲ, ಹಣೆಯ ಮೇಲೆ ಬೆವರು. ಊರನ್ನು ಎರಡು ಸುತ್ತು ಹಾಕಿ ಬಂದೆ ಅಂದಳು.

"ಹೂಗಾರರ ಎಡಕ್ಕ ಕೊಟ್ರಮ್ಮಜ್ಜಿ ಮನಿ ಅಂದ್ರು. ಅಲ್ಲಿ ಹೋದ್ರ ದರ್ಜಿ ಕೂತಾನ."

"ಅದು ಹ್ವಾದ ತಿಂಗಳ ಮಾತು. ಬಾವಿ ಹತ್ರ ಹಲಗಿ ನೋಡಬೇಕಿಲ್ಲೇನು?"

"ಹಲಗಿ ಬರಿಯೋರು ಯಾರು? ನೀವ. ಇನ್ನೂ ಬರದಿಲ್ಲ."

ಹೌದು. ನನ್ನ ಮೊಣಕಾಲು ಕೈಕೊಟ್ಟು ಎರಡು ವರ್ಷ. ಮೊದಲೆಲ್ಲ ಅಮಾವಾಸ್ಯೆಯ ಮರುದಿನ ಮಧ್ಯಾಹ್ನದೊಳಗೆ ಊರೆಲ್ಲ ನಡೆದು ಬರೆದು ಮುಗಿಸುತ್ತಿದ್ದವಳು ಈಗ ಐದು ದಿನ ಎಳೆಯುತ್ತಿದ್ದೆ.

ನಮ್ಮೂರಿಗೆ ಇರುವುದು ಒಂದೇ ಬೀದಿ. ದೊಡ್ಡ ಬಾವಿಯ ಸುತ್ತ ಬಳೆಯ ಹಾಗೆ ಹೋಗಿ ಹೊರಟಲ್ಲಿಗೇ ಬಂದು ಸೇರುತ್ತದೆ. ಮನೆಗಳು ಇನ್ನೂರ ಹನ್ನೆರಡು. ಪ್ರತಿ ಅಮಾವಾಸ್ಯೆಯ ರಾತ್ರಿ ಅವು ಜಾಗ ಬದಲಿಸುತ್ತವೆ. ಅಮಾವಾಸ್ಯೆ ಕಳೆದ ಬೆಳಗ್ಗೆ ಬಾಗಿಲು ತೆಗೆದು ಈ ಸಲ ಪಕ್ಕಕ್ಕೆ ಯಾರು ಬಂದಿದ್ದಾರೆ ಎಂದು ನೋಡಿಕೊಳ್ಳುವುದು ನಮಗೆ ಮುಖ ತೊಳೆಯುವಷ್ಟೇ ವಾಡಿಕೆ. ಹೆಪ್ಪಿಗೆ ಮೊಸರು ಇಸಕೊಂಡವರು ಚತುರ್ದಶಿಯೊಳಗೆ ತಿರುಗಿ ಕೊಟ್ಟುಬಿಡುತ್ತಾರೆ. ಪಕ್ಕದ ಮನೆಯವರೊಡನೆ ಜಗಳವಾದರೆ ಅಮಾವಾಸ್ಯೆಯವರೆಗೆ ಹಲ್ಲು ಕಚ್ಚಿಕೊಂಡಿರುತ್ತಾರೆ. ಬಾಗಿಲಿಗೆ ನಂಬರು ಹೊಡೆದು ಪ್ರಯೋಜನವಿಲ್ಲ. ನಮ್ಮಲ್ಲಿ ವಿಳಾಸವೆಂದರೆ ಎಡಕ್ಕೆ ಯಾರು, ಬಲಕ್ಕೆ ಯಾರು, ಅಷ್ಟೇ. ಅದನ್ನು ದಫ್ತರದಲ್ಲಿ ಬರೆದು ಬಾವಿಯ ಹಲಗೆಗೆ ಏರಿಸುವ ಕೆಲಸ ಮೂವತ್ತೊಂದು ವರ್ಷದಿಂದ ನನ್ನದು. ಅಕ್ಷರ ಕಲಿತದ್ದೇ ನಲವತ್ತಕ್ಕೆ, ರಾತ್ರಿ ಶಾಲೆಯಲ್ಲಿ. ತಡವಾಗಿ ಕಲಿತವರ ಅಕ್ಷರ ದುಂಡಗಿರುತ್ತದೆ. ಅದಕ್ಕೇ ಈ ಕೆಲಸ ಸಿಕ್ಕಿತು.

ಜೈತುನ್ ತಂದ ಸುದ್ದಿ ಏನೆಂದರೆ, ಹಲಗೆಯನ್ನು ಇನ್ನು ವೆಬ್‌ಸೈಟ್ ಮಾಡುತ್ತಾರೆ. ಅಮಾವಾಸ್ಯೆಯ ಮರುಬೆಳಗ್ಗೆ ಪ್ರತಿ ಮನೆಯವರೂ ತಮ್ಮ ಫೋನಿನಲ್ಲೇ ಎಡಬಲ ಬರೆಯುತ್ತಾರೆ, ಹೊರಗಿನಿಂದ ಬರುವವರು ಬಸ್ಸಿನಲ್ಲಿ ಕೂತೇ ನೋಡಿಕೊಳ್ಳುತ್ತಾರೆ. ಅದರ ಹಿಂದೆ ಇದೆಲ್ಲವನ್ನೂ ಇಟ್ಟುಕೊಳ್ಳಲು ಒಂದು ಡೇಟಾಬೇಸ್ ಬೇಕು. ಅದು ದಫ್ತರದ ಹಾಗೇ, ಆದರೆ ಕೇಳಿದ ಪ್ರಶ್ನೆಗೆ ತಾನೇ ಹುಡುಕಿ ಉತ್ತರ ಕೊಡುತ್ತದಂತೆ. ಯಾವುದು ಬೇಕೆಂದು ನಾನು ಆರಿಸಬೇಕು. ನಮ್ಮೂರಿನಲ್ಲಿ ಬಾವಿಗೆ ಹಗ್ಗ ಕೊಳ್ಳುವಾಗ ನೀರು ಸೇದುವವರನ್ನೇ ಕೇಳುತ್ತಾರೆ. ದಫ್ತರ ಕೊಳ್ಳುವಾಗ ಬರೆಯುವವಳನ್ನು ಕೇಳಬೇಕು ಎಂದು ಕಚೇರಿಯಲ್ಲಿ ತೀರ್ಮಾನವಾಗಿತ್ತು.

"ನನಗೇನು ಗೊತ್ತಾಗತೈತಿ ತಾಯಿ?" ಅಂದೆ.

"ಮೂರು ತಂದೀನಿ. ಮೂರರಾಗೂ ಬರದು ನೋಡ್ರಿ. ಯಾವುದು ಕೈಗೆ ಹತ್ತತೈತೋ ಅದು."

ಒಳಗೆ ಒಗ್ಗರಣೆ ಹಾಕುತ್ತಿದ್ದ ಹುಲಿಗೆಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಹೊಸಾ ದಫ್ತರ ಅಂದ್ರ, ಹಳೇದರಾಗ ಗೆರಿ ಹೊಡದಿದ್ದೆಲ್ಲ ಅದರಾಗೂ ಬರತೈತೇನು?" ಎಂದು ಕೇಳಿದಳು.

ಜೈತುನ್ ನನ್ನ ಮುಖ ನೋಡಿದಳು. ನಾನು ಮೊರ ನೋಡಿದೆ.

ಹುಲಿಗೆಮ್ಮನ ವಿಷಯ ಇಲ್ಲಿ ಹೇಳಿಬಿಡಬೇಕು. ಅವಳು ಸೂಲಗಿತ್ತಿ. ಊರಿನ ಅರ್ಧ ಜನರನ್ನು ಮೊದಲು ಮುಟ್ಟಿದವಳು ಅವಳೇ. ಮೂರು ವರ್ಷದ ಕೆಳಗೆ ಒಂದು ಅಮಾವಾಸ್ಯೆಗೆ ನನಗೆ ವಿಪರೀತ ಜ್ವರ. ಆ ದಿನ ಯಾರೂ ತಮ್ಮ ಮನೆ ಖಾಲಿ ಬಿಡುವುದಿಲ್ಲ, ಒಳಗೆ ಯಾರೂ ಇಲ್ಲದ ಮನೆ ದೂರ ಹೋಗಿಬಿಡುತ್ತದೆ. ಅದು ಅವಳಿಗೂ ಗೊತ್ತು. ಆದರೂ ಬೀಗ ಹಾಕಿಕೊಂಡು ಬಂದು ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಳು. ಬೆಳಗಾದ ಮೇಲೆ ಅವಳ ಹಸಿರು ಬಾಗಿಲಿನ ಮನೆ ಬೀದಿಯಲ್ಲಿ ಎಲ್ಲೂ ಇರಲಿಲ್ಲ. ಅಂದಿನಿಂದ ನನ್ನ ಜೊತೆಗೇ ಇದ್ದಾಳೆ.

ಮೂರು ಅಮಾವಾಸ್ಯೆ ಕಾಣದ ಮನೆಯನ್ನು ದಫ್ತರದಲ್ಲಿ ಕೆಂಪು ಗೆರೆ ಎಳೆದು ಹೊಡೆಯಬೇಕು ಎಂಬುದು ನಿಯಮ. ಹೊಡೆದದ್ದನ್ನು ಅದೇ ದಫ್ತರದಲ್ಲಿ ಮತ್ತೆ ಬರೆಯುವಂತಿಲ್ಲ ಎಂಬುದೂ ನಿಯಮ. ಮೂರಾದ ಮೇಲೆ ನಾನು ಸ್ಕೇಲಿಟ್ಟು ಗೆರೆ ಎಳೆದೆ. ನಮ್ಮ ದಫ್ತರದಲ್ಲಿ ಮನೆಗೊಂದು ಸಾಲು. ಆ ಮನೆಯ ಜನರ ಹೆಸರು ಅದೇ ಸಾಲಿನೊಳಗೆ. ಮನೆಯನ್ನು ಹೊಡೆದಾಗ ಹುಲಿಗೆಮ್ಮನ ಹೆಸರನ್ನೂ ಹೊಡೆದೆ ಎಂದು ನನಗೆ ಹೊಳೆಯಲಿಲ್ಲ. ಅವಳು ಆಗ ಅದೇ ಕೋಣೆಯಲ್ಲಿ ನನಗೆ ಗಂಜಿ ಆರಿಸುತ್ತ ನಿಂತಿದ್ದಳು.

ಒಂದೂವರೆ ವರ್ಷದ ಮೇಲೆ ಹೊಳೆಯಾಚೆಯ ಒಂದು ಊರಿನಿಂದ ಕಾಗದ ಬಂತು. ನಮ್ಮ ಸಂತೆ ಮೈದಾನದ ನಡುವೆ ಒಂದು ಮನೆ ಬಂದು ನಿಂತಿದೆ, ಹಸಿರು ಬಾಗಿಲು, ಕಿಟಕಿಯಲ್ಲಿ ನೋಡಿದರೆ ಎರಡು ತೊಟ್ಟಿಲು ಕಾಣುತ್ತವೆ, ನಿಮ್ಮ ಕಡೆಯದಿರಬೇಕು, ಯಾರದೆಂದು ಕಚೇರಿಯ ಮೊಹರಿನೊಡನೆ ತಿಳಿಸಿದರೆ ಅವರನ್ನು ಒಳಗೆ ಬಿಡುತ್ತೇವೆ ಎಂದು ಬರೆದಿದ್ದರು. ಹುಲಿಗೆಮ್ಮ ಹೇಳಿದಂತೆ ಅವತ್ತೇ ನಾನು ಉತ್ತರ ಬರೆದೆ. ಅಂಚೆ ಮಾಸ್ತರ ಅಡಿವೆಯ್ಯ ತೆಗೆದುಕೊಳ್ಳಲಿಲ್ಲ. ಅಂಚೆಯೂ ದಫ್ತರದ ಮೊಹರೂ ಎರಡೂ ಅವನ ಕೈಯಲ್ಲಿ. ಕೆಟ್ಟವನಲ್ಲ, ನಿಯಮದವನು. ದಫ್ತರದಲ್ಲಿ ಇಲ್ಲದ ಮನೆಗೆ, ಇಲ್ಲದ ಹೆಂಗಸಿನ ಪರವಾಗಿ ಹೇಗೆ ಮೊಹರು ಒತ್ತಲಿ ಎಂದ. ಹುಲಿಗೆಮ್ಮ ಆ ಊರಿಗೆ ಹೋಗಿಯೂ ಬಂದಳು. ಮೈದಾನದ ನಡುವೆ ತನ್ನ ಮನೆಯನ್ನು ನೋಡಿ, ಬಾಗಿಲು ಸವರಿ, ಕಾಗದವಿಲ್ಲವೆಂದು ವಾಪಸು ಬಂದಳು. ಮೊನ್ನೆ ಕೊನೆಯ ಕಾಗದ ಬಂದಿತ್ತು. ಬರುವ ಅಮಾವಾಸ್ಯೆಯೊಳಗೆ ಉತ್ತರ ಬಾರದಿದ್ದರೆ ಮನೆ ಕೆಡವಿ ಸಂತೆಗೆ ದಾರಿ ಮಾಡುತ್ತೇವೆ ಎಂದು. ಅಷ್ಟರೊಳಗೆ ಹುಲಿಗೆಮ್ಮ ಒಳಗೆ ಹೋಗಿ ಕೂತರೆ ಮನೆ ಅವಳನ್ನು ಕರೆದುಕೊಂಡು ಊರಿಗೆ ಬರುತ್ತದೆ. ಇಲ್ಲದಿದ್ದರೆ ಇಲ್ಲ.

"ಹೊಸಾದರಾಗ ಗೆರಿ ಇರಂಗಿಲ್ಲ, ಹುಲಿಗೆಮ್ಮತ್ತಿ. ಎಲ್ಲಾ ಹೊಸದಾಗಿ ಬರಿಯೋದು," ಅಂದಳು ಜೈತುನ್.

"ಹಂಗಾರ ಲಗೂನ ಆರಿಸವ್ವ ಕೊಟ್ರಮ್ಮ," ಎಂದು ಹುಲಿಗೆಮ್ಮ ನನ್ನ ಕಡೆ ಸೌಟು ತೋರಿಸಿದಳು. "ಗೆರಿ ಎಳಿಯೂವಾಗ ಇಷ್ಟು ಯೋಚನಿ ಮಾಡಿರಲಿಲ್ಲ ನೀನು."

ಜೈತುನ್ ತಂದ ಆ ಮೂರು ಡೇಟಾಬೇಸಿಗೂ ಏನೇನೋ ಹೆಸರು. ನನ್ನ ನಾಲಿಗೆಗೆ ಹೊರಳಲಿಲ್ಲ. ಒಂದರ ಗುರುತು ಗರಿ, ಒಂದರದು ಎಲೆ, ಒಂದರದು ಆನೆ. ನಾನು ಹಾಗೇ ಕರೆದೆ. ಮರುದಿನದಿಂದ ಜೈತುನ್ ಬೆಳಗ್ಗೆ ಬಂದು ನನ್ನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಡುವುದು, ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುವುದು, ಗಿರಣಿಯ ಹಿಟ್ಟನ್ನು ಅವಳು ಸೆರಗಿನಿಂದ ಒರೆಸುವುದು ನಡೆಯಿತು.

ಮೊದಲು ಗರಿ. ಅದರ ಮೇಲೆ ನನಗೆ ಕೂಡಲೇ ಮನಸ್ಸಾಯಿತು. ಇಡೀ ದಫ್ತರ ಒಂದೇ ಒಂದು ಫೈಲು. ಎತ್ತಿಕೊಂಡು ಹೋಗಬಹುದು, ಸಾಕುವ ಖರ್ಚಿಲ್ಲ, ಗದ್ದಲವಿಲ್ಲ. ಒಬ್ಬಳೇ ಇರುವ ಹೆಂಗಸಿನ ಅಡುಗೆಮನೆಯ ಹಾಗೆ ಎಲ್ಲ ಕೈಗೆಟಕುವಲ್ಲಿ. ಇಪ್ಪತ್ತು ಮನೆ ಬರೆದೆ, ಒಂದೂ ತೊಂದರೆ ಕೊಡಲಿಲ್ಲ. ಆಮೇಲೆ ಜೈತುನ್ ಅಮಾವಾಸ್ಯೆಯ ಮರುಬೆಳಗ್ಗೆಯ ಆಟ ಆಡೋಣವೆಂದು ಊರಿನ ನಲವತ್ತು ಜನರಿಗೆ ಒಂದೇ ಸಲ ಫೋನಿನಲ್ಲಿ ಬರೆಯಲು ಹೇಳಿದಳು. ಗರಿ ಒಬ್ಬರದು ಮುಗಿಯುವವರೆಗೆ ಇನ್ನೊಬ್ಬರನ್ನು ನಿಲ್ಲಿಸಿತು. ಕೆಲವರಿಗೆ ಬೇಸರವಾಗಿ ಫೋನು ಇಟ್ಟುಬಿಟ್ಟರು. ಓದುವವರು ಎಷ್ಟು ಬಂದರೂ ಅದಕ್ಕೆ ಭಾರವಿಲ್ಲ, ಬರೆಯುವವರು ನುಗ್ಗಿದರೆ ಸಾಲಿನಲ್ಲಿ ನಿಲ್ಲಿಸುತ್ತದೆ ಎಂದು ಜೈತುನ್ ಬಿಡಿಸಿ ಹೇಳಿದಳು. ಅದರ ತಪ್ಪಲ್ಲ. ಮನೆ ಒಂದಕ್ಕೆ ಹೇಳಿ ಮಾಡಿಸಿದ್ದು, ಊರಿಗಲ್ಲ. ನನ್ನ ಸಾರಿನ ಪುಡಿಯ ಅಳತೆಗಳನ್ನೆಲ್ಲ ಮುಂದೊಂದು ದಿನ ಅದರಲ್ಲಿ ಬರೆದಿಡಬೇಕು ಎಂದುಕೊಂಡೆ.

ಎರಡನೆಯದು ಎಲೆ. ಇದರಲ್ಲಿ ಮನೆಗೊಂದು ಚೀಟಿ. ಚೀಟಿಯಲ್ಲಿ ಏನು ಬೇಕಾದರೂ ಬರೆ, ಬೇಡವೆನ್ನುವುದಿಲ್ಲ. ಒಬ್ಬರ ಚೀಟಿಯಲ್ಲಿ ಆಡುಗಳ ಲೆಕ್ಕ, ಇನ್ನೊಬ್ಬರದರಲ್ಲಿ ಅಳಿಯನ ಊರು. ಸಲೀಸು. ಹುಲಿಗೆಮ್ಮನ ಚೀಟಿಯನ್ನೂ ಅವತ್ತೇ ಬರೆದೆವು. ಎಡಕ್ಕೆ ಯಾರು ಎಂದು ನಾನು ಕೇಳಿದೆ.

"ನಾ ನೋಡಿ ಬಂದೀನಲ್ಲ. ಎಡಕ್ಕ ಗಾಳಿ, ಬಲಕ್ಕ ಗಾಳಿ," ಅಂದಳು ಹುಲಿಗೆಮ್ಮ.

ಎಲೆ ಅದನ್ನೂ ತೆಗೆದುಕೊಂಡಿತು. ಎಡಕ್ಕೆ ಗಾಳಿ, ಬಲಕ್ಕೆ ಗಾಳಿ. ನನಗೆ ಹಗುರವಾಯಿತು, ಇದೇ ಇರಲಿ ಎಂದು ಆಗಲೇ ಹೇಳಿಬಿಡುತ್ತಿದ್ದೆನೋ ಏನೋ. ಆದರೆ ಅದನ್ನು ತೋರಿಸಲು ಮೂವರೂ ಅಡಿವೆಯ್ಯನ ಹತ್ತಿರ ಹೋದರೆ ಅವನು ಮೊದಲೇ ಅದೇ ಪುಟ ತೆಗೆದು ಕೂತಿದ್ದ. ಪರೀಕ್ಷೆಗೆಂದು ಊರಿನವರಿಗೆಲ್ಲ ಬರೆಯಲು ಬಿಟ್ಟಿದ್ದೆವಲ್ಲ, ಮರಿಯಪ್ಪ ತನ್ನ ಎಮ್ಮೆಯನ್ನು ಮನೆಯ ಯಜಮಾನಿ ಎಂದು ಬರೆದಿದ್ದ. ದರ್ಜಿಯ ಮನೆ ಮೂರು ಹೆಸರಲ್ಲಿ ಮೂರು ಕಡೆ ಇತ್ತು.

"ಎಮ್ಮಿ ಇರೋ ದಫ್ತರದಾಗ ಹುಲಿಗೆಮ್ಮನೂ ಅದಾಳ ಅಂತ ನಾ ಮೊಹರು ಒತ್ತಿದ್ರ, ಆ ಊರಿನವರು ನಂಬತಾರೇನ್ರಿ?" ಎಂದ.

ಹುಲಿಗೆಮ್ಮ ಅವನ ಮೇಲೆ ಸಿಟ್ಟಾಗಲಿಲ್ಲ. ಎಮ್ಮೆಯ ಹೆಸರೇನು ಎಂದು ಕೇಳಿದಳು. ಗಂಗೆ ಎಂದು ಅವನು ಓದಿ ಹೇಳಿದ. "ಒಳ್ಳೇ ಎಮ್ಮಿ ಅದು, ಎರಡು ಸಲ ಕರ ಹಾಕಿಸೀನಿ," ಅಂದಳು.

ಮನೆಗೆ ಬರುವಾಗ ಜೈತುನ್ ಎಲೆಯ ಪರವಾಗಿ ಒಂದು ಮಾತು ಹೇಳಿದಳು. ಸುಳ್ಳುಪಳ್ಳು ಬರೆಯದಂತೆ ಅದಕ್ಕೂ ಕಾವಲು ಇಡಬಹುದು, ಆದರೆ ಎಲ್ಲೆಲ್ಲಿ ಇಡಬೇಕೆಂದು ನಾವೇ ನೆನಪಿಟ್ಟು ಇಡಬೇಕು ಎಂದು. ನನಗೆ ಬೇರೆಯದೇ ಚಿಂತೆ ಹತ್ತಿತ್ತು. ನಾವು ಬರೆದಂತೆ ಮನೆಯ ಚೀಟಿಯೊಳಗೇ ಮನೆಯವರ ಹೆಸರು. ಮುಂದೆ ಯಾರೋ ನಿಯಮದಂತೆ ಆ ಚೀಟಿ ಹರಿದರೆ ಜನರೂ ಅದರ ಜೊತೆಗೇ ಹೋಗುತ್ತಾರೆ. ನನ್ನ ದಫ್ತರದ ಸಾಲೂ ಹಾಗೇ ಇತ್ತು. ಅದೇ ತಪ್ಪನ್ನು ಚೆಂದದ ಹೊಸ ಕಾಗದದಲ್ಲಿ ಮತ್ತೆ ಮಾಡಲು ನನಗೆ ಧೈರ್ಯ ಬರಲಿಲ್ಲ. ಅದನ್ನು ಜೈತುನಳಿಗೆ ಹೇಳಿದೆ. ಅವಳು ನಡೆಯುವುದನ್ನು ನಿಲ್ಲಿಸಿ, ಇದನ್ನು ನಮಗೆ ಕಾಲೇಜಿನಲ್ಲಿ ಒಂದು ತಿಂಗಳು ಕಲಿಸಿದರು ಅಜ್ಜಿ ಎಂದಳು. ನನಗೆ ಮೂರು ವರ್ಷ ಹಿಡಿಯಿತು ಅಂದೆ.

ಕೊನೆಗೆ ಆನೆ. ಅಷ್ಟು ಹೊತ್ತಿಗೆ ಅಮಾವಾಸ್ಯೆಗೆ ಎಂಟೇ ದಿನ ಉಳಿದಿತ್ತು. ಕಾಗದ ಹೊಳೆ ದಾಟಿ ಆ ಊರು ಮುಟ್ಟಲು ಎರಡು ದಿನ, ಹುಲಿಗೆಮ್ಮ ಹಿಂದೆಯೇ ಹೋಗಲು ಒಂದು ದಿನ. ಅಂಚೆ ಒಯ್ಯುವ ಬಸ್ಸು ವಾರಕ್ಕೆ ಎರಡೇ ಸಲ, ಶನಿವಾರದ್ದು ತಪ್ಪಿದರೆ ಮುಂದಿನದು ಅಮಾವಾಸ್ಯೆಯ ದಿನವೇ.

ಆನೆಯಲ್ಲಿ ಜನರದೇ ಒಂದು ಪಟ್ಟಿ, ಮನೆಗಳದೇ ಒಂದು ಪಟ್ಟಿ. ಯಾರು ಯಾವ ಮನೆಯವರು ಎಂದು ನಡುವೆ ದಾರ ಕಟ್ಟಿದ ಹಾಗೆ ಗಂಟು. ಗಂಟು ಇರುವವರೆಗೆ ಮನೆಯನ್ನು ಹೊಡೆಯಲು ಹೋದರೆ, ಇದರಲ್ಲಿ ಜನ ಇದ್ದಾರೆ, ಆಗುವುದಿಲ್ಲ ಅನ್ನುತ್ತದೆ. ಈ ಮಾತು ಕೇಳಿದಾಗಲೇ ನನ್ನ ಮನಸ್ಸು ಅದರ ಕಡೆ ವಾಲಿತು. ದರ್ಜಿಯ ಮನೆಯನ್ನು ಎರಡನೆಯ ಸಲ ಬರೆಯಲು ಹೋದೆ, ಈಗಾಗಲೇ ಇದೆ ಅಂದಿತು. ನಲವತ್ತು ಜನ ಒಟ್ಟಿಗೆ ಬರೆದರೂ ಒಬ್ಬರ ಕಾಲು ಒಬ್ಬರು ತುಳಿಯಲಿಲ್ಲ. ಹೀಗೆ ಊರಿನ ಮನೆಗಳೆಲ್ಲ ಅದರೊಳಗೆ ಬಂದವು. ಬೇಡವೆನ್ನುವುದನ್ನು ಮುಖದ ಮೇಲೇ ಹೇಳುವ ಸ್ವಭಾವ. ಅಂಥವರ ಜೊತೆ ನಾನು ಬಾಳಬಲ್ಲೆ.

ಆದರೆ ಹುಲಿಗೆಮ್ಮನ ಮನೆಗೆ ಬಂದಾಗ ಅದು ಮಂಡಿ ಊರಿ ಕೂತುಬಿಟ್ಟಿತು. ಎಡಕ್ಕೆ ಯಾವ ಮನೆ ಎಂದು ಕೇಳಿತು. ಗಾಳಿ ಎಂದು ಬರೆದೆ. ಗಾಳಿ ಎಂಬ ಮನೆ ಇಲ್ಲ ಅಂದಿತು. ಏನೂ ಬರೆಯದೆ ಮುಂದೆ ಒತ್ತಿದೆ, ಬಿಡಲಿಲ್ಲ. ಜೈತುನ್ ಏನೇನೋ ಮಾಡಿ ನೋಡಿದಳು. ಹೋಗಿ ಹೋಗಿ ಹೂಗಾರರ ಪಕ್ಕ ಎಂದು ಸುಳ್ಳು ಬರೆಯೋಣವೇ ಎಂದಳು. ಹೂಗಾರರ ಎಡಬಲ ಆಗಲೇ ತುಂಬಿತ್ತು. ಅದನ್ನೂ ಆನೆ ಹಿಡಿಯಿತು.

ಗುರುವಾರ ಅಡಿವೆಯ್ಯ ತಾನಾಗಿ ನಮ್ಮ ಮನೆಗೆ ಬಂದ. ಅವನಿಗೂ ಒಳಗೊಳಗೆ ಸಂಕಟವಿತ್ತು ಎಂದು ಆಗ ತಿಳಿಯಿತು. ಚಾ ಕುಡಿದು, ಲೋಟ ಕೆಳಗಿಟ್ಟು, ಒಂದು ದಾರಿ ಹೇಳಿದ. ಹುಲಿಗೆಮ್ಮನನ್ನು ನನ್ನ ಮನೆಯವಳೆಂದು ಬರೆಯೋಣ, ಹೆಸರಾದರೂ ದಫ್ತರಕ್ಕೆ ಬರುತ್ತದೆ, ಅಂಚೆಗೆ ಅಷ್ಟು ಸಾಕು.

ಹುಲಿಗೆಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ಅಲ್ಲಿಂದಲೇ ಹೇಳಿದಳು.

"ಮಾಸ್ತರ, ಈ ಮನ್ಯಾಗ ಮೂರು ವರ್ಷ ಉಂಡೀನಿ, ಕೊಟ್ರಮ್ಮನ ಋಣ ಐತಿ. ಆದ್ರ ಇವಳ ಮನಿಯಾಕಿ ಅಂತ ಬರದ್ರ ಆ ಮನಿ ಯಾರದು? ನಿಮ್ಮ ದಫ್ತರದಾಗ ಒಬ್ಬರಿಗೆ ಎರಡು ಮನಿ ಬರಿಯಂಗಿಲ್ಲ. ನಾನ ನನ್ನ ಮನಿ ಬ್ಯಾಡಂತ ಹೆಬ್ಬಟ್ಟು ಒತ್ತಿದಂಗ ಆತು."

ಅಡಿವೆಯ್ಯ ತಲೆ ತಗ್ಗಿಸಿದ. ಅವಳು ಹೇಳಿದ್ದು ಸರಿಯಿತ್ತು. ಅವನು ಹೋದ ಮೇಲೆ ಅವಳು ಬೇಳೆಗೆ ಉಪ್ಪು ಹಾಕಿದಳು, ಐದು ನಿಮಿಷ ಬಿಟ್ಟು ಮತ್ತೆ ಹಾಕಿದಳು. ನಾನು ನೋಡಿದೆ. ಉಪ್ಪುಪ್ಪಾದ ಸಾರನ್ನು ಇಬ್ಬರೂ ಉಂಡೆವು.

ಮರುದಿನ ಜೈತುನ್ ಬಂದಾಗ ಅವಳ ಕಣ್ಣು ಕೆಂಪಗಿತ್ತು. ಎಲೆಗೇ ಹೋಗೋಣ ಅಜ್ಜಿ, ಕಾವಲೆಲ್ಲ ನಾನೇ ಕಟ್ಟುತ್ತೇನೆ, ಅದಾದರೂ ಹುಲಿಗೆಮ್ಮತ್ತೆಯನ್ನು ಒಳಗೆ ಬಿಡುತ್ತದೆ ಎಂದಳು. ನಾನು ಮತ್ತೊಮ್ಮೆ ಆನೆಯ ಪುಟ ತೆಗೆಸಿ ನೋಡುತ್ತ ಕೂತೆ. ಎಡಕ್ಕೆ ಎಂಬ ಚೌಕ ಖಾಲಿಯಿತ್ತು, ಅದರ ಪಕ್ಕ ಕೆಂಪು ಚುಕ್ಕಿ ಮಿಣುಗುತ್ತಿತ್ತು. ರಾತ್ರಿ ಶಾಲೆಯಲ್ಲಿ ಪದ ಬರದಿದ್ದಾಗ ನಾನು ಬಾಯಿಗೆ ಬಂದದ್ದು ಬರೆದುಬಿಡುತ್ತಿದ್ದೆ. ಮೇಷ್ಟ್ರು ಅದನ್ನು ಅಳಿಸಿ, ಗೊತ್ತಿಲ್ಲದ ಕಡೆ ಜಾಗ ಬಿಡಿ ಕೊಟ್ರಮ್ಮ, ಗೊತ್ತಾದಾಗ ತುಂಬಿದರಾಯಿತು ಎನ್ನುತ್ತಿದ್ದರು. ಜಾಗ ಬಿಡುವುದು ನನಗೆ ಬರೆಯುವುದಕ್ಕಿಂತ ಕಷ್ಟವಾಗಿತ್ತು. ದಡ್ಡಿ ಎಂದುಕೊಂಡಾರು ಎಂಬ ನಾಚಿಕೆ.

"ಜೈತುನ್, ಈ ಆನಿಗೆ ಖಾಲಿ ಬಿಡಾಕ ಬರಂಗಿಲ್ಲೇನು?"

"ಬರತೈತಿ. ಖಾಲಿ ಅಂತ ಬ್ಯಾರೆನ ಐತಿ ಅದರಾಗ. ಸೊನ್ನಿ ಅಲ್ಲ, ಇಲ್ಲ ಅಂತನೂ ಅಲ್ಲ. ಇನ್ನೂ ತಿಳಿದಿಲ್ಲ ಅಂತ ಅಷ್ಟ."

"ಮತ್ತ ಯಾಕ ಬ್ಯಾಡ ಅನ್ನಾಕ ಹತ್ತೈತಿ?"

ಅವಳು ತಾನು ಬರೆದಿಟ್ಟ ಸಾಲುಗಳನ್ನು ತೆಗೆದು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಮೆಲ್ಲಗೆ, "ನಾನ ಹೇಳಿದ್ದೆ. ಎಡಬಲ ಇರಲೇಬೇಕು ಅಂತ ಮೊದಲನೇ ದಿನ ನಾನ ಬರದಿದ್ದೆ. ಎಡಬಲ ಇಲ್ಲದ ಮನಿ ಎಲ್ಲಿರತೈತಿ ಅಂತ," ಎಂದಳು.

"ಹಂಗಾರ ಆನೀದು ತಪ್ಪಿಲ್ಲ."

"ಇಲ್ಲ."

ಬೇರೆ ಯಾವ ಊರಿನ ಹುಡುಗಿಯೂ ಈ ತಪ್ಪು ಮಾಡುತ್ತಿರಲಿಲ್ಲ. ಬಳೆಯಂಥ ಬೀದಿಯಲ್ಲಿ ಹುಟ್ಟಿದವರಿಗೆ, ಎರಡೂ ಕಡೆ ಯಾರೂ ಇಲ್ಲದೆ ನಿಂತ ಮನೆ ಕಲ್ಪನೆಗೇ ಬರುವುದಿಲ್ಲ. ಜೈತುನ್ ಒಂದು ಸಾಲು ಬದಲಿಸಿದಳು, ಅಷ್ಟೇ. ನಾನು ಹಸಿರು ಬಾಗಿಲಿನ ಮನೆ ಎಂದು ಬರೆದೆ, ಎಡಬಲದ ಚೌಕಗಳನ್ನು ಮುಟ್ಟದೆ ಒತ್ತಿದೆ. ಆನೆ ಒಪ್ಪಿಕೊಂಡಿತು. ಜನರ ಪಟ್ಟಿಯಲ್ಲಿ ಹುಲಿಗೆಮ್ಮ ಎಂದು ಬರೆದು ಆ ಮನೆಗೆ ಗಂಟು ಹಾಕಿದೆವು. ಇದೇ ನನಗೆ ಬೇಕಾದ್ದು, ಕಚೇರಿಗೆ ಹೇಳು ಅಂದೆ.

ಶನಿವಾರ ಬೆಳಗ್ಗೆ ಮೂವರೂ ಅಂಚೆ ಕಚೇರಿಗೆ ಹೋದೆವು. ಬಸ್ಸು ಆಗಲೇ ಬಾವಿಯ ಹತ್ತಿರ ನಿಂತಿತ್ತು. ಅಡಿವೆಯ್ಯ ಪರದೆಯನ್ನು ಕನ್ನಡಕ ಹಣೆಗೇರಿಸಿ ನೋಡಿದ, ಇಳಿಸಿ ನೋಡಿದ. ಅವನ ಅನುಮಾನ ನ್ಯಾಯವಾದದ್ದೇ. ಹೀಗೆ ಎಲ್ಲರೂ ಖಾಲಿ ಬಿಡತೊಡಗಿದರೆ ದಫ್ತರಕ್ಕೆ ಅರ್ಥವೇನು ಎಂದು ಕೇಳಿದ. ಜೈತುನ್ ಬಾಯಲ್ಲಿ ಹೇಳಲಿಲ್ಲ. ಎಡಬಲ ಖಾಲಿ ಇರುವ ಮನೆಗಳು ಯಾವುವು ಎಂದು ಆನೆಯನ್ನೇ ಕೇಳಿದಳು. ಇನ್ನೂರ ಹದಿಮೂರು ಮನೆಗಳಲ್ಲಿ ಒಂದೇ ಸಾಲು ಬಂತು. ಹಸಿರು ಬಾಗಿಲು. ಹುಲಿಗೆಮ್ಮ.

ಹುಲಿಗೆಮ್ಮನಿಗೆ ಓದಲು ಬರುವುದಿಲ್ಲ. ಯಾವುದು ನನ್ನ ಹೆಸರು ಎಂದು ಕೇಳಿದಳು. ನಾನು ತೋರಿಸಿದೆ. ಪರದೆಗೆ ಬೆರಳು ತಾಗಿಸದೆ, ಕೂಸಿನ ನೆತ್ತಿಯ ಮೇಲೆ ಕೈ ಹಿಡಿಯುವ ಹಾಗೆ, ಸ್ವಲ್ಪ ಮೇಲೆ ಹಿಡಿದು ನಿಂತಳು.

"ಹಳೇ ದಫ್ತರದಾಗ ಹೊಡದಾಕಿ ನಾನ," ಎಂದೆ ಅಡಿವೆಯ್ಯನಿಗೆ. ಅವನಿಗೆ ಗೊತ್ತಿದ್ದದ್ದೇ, ಆದರೂ ಅವಳ ಮುಂದೆ ನನ್ನ ಬಾಯಿಂದ ಹೇಳಬೇಕಿತ್ತು. "ಮನಿ ಕಾಣಲಿಲ್ಲ ಅಂತ ಮನಿಷ್ಯಾಳನ್ನೂ ಹೊಡದೆ. ಅದು ನಿಯಮದ ತಪ್ಪಲ್ಲ, ನನ್ನ ಸಾಲಿನ ತಪ್ಪು."

"ಗೆರಿ ಮಾತ್ರ ನೆಟ್ಟಗ ಎಳದಿದ್ದಿ ಬಿಡು," ಅಂದಳು ಹುಲಿಗೆಮ್ಮ.

ಉತ್ತರದ ಲಕೋಟೆಯ ಹಿಂದೆ ಕಳಿಸುವವರ ವಿಳಾಸ ಬರೆಯಬೇಕಿತ್ತು. ಅಡಿವೆಯ್ಯ ಪೆನ್ನು ಕೊಟ್ಟ. ಹುಲಿಗೆಮ್ಮ, ಹಸಿರು ಬಾಗಿಲಿನ ಮನೆ ಎಂದು ದುಂಡಗೆ ಬರೆದೆ. ಎಡಕ್ಕೆ ಎಂದು ಬರೆದು ಜಾಗ ಬಿಟ್ಟೆ. ಬಲಕ್ಕೆ ಎಂದು ಬರೆದು ಜಾಗ ಬಿಟ್ಟೆ.

ಅಡಿವೆಯ್ಯ ತಿರುವಿ ನೋಡಿದ. "ಇಲ್ಲಿ ಬರಿಯೋದು ಮರತೀರಿ," ಎಂದ, ರೂಢಿಯಂತೆ.

"ಮರತಿಲ್ಲ. ಬಿಟ್ಟೀನಿ," ಅಂದೆ.

ಅವನು ಮೊಹರನ್ನು ಮಸಿಗೆ ಒತ್ತಿ, ಆ ಎರಡು ಖಾಲಿ ಜಾಗಗಳ ಮೇಲೆ ಬೀಳದಂತೆ, ಲಕೋಟೆಯ ಮೂಲೆಗೆ ಹೊಡೆದ. ಆಮೇಲೆ ಅದನ್ನು ಅಂಚೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಯಾರ ಕೈಗೂ ಕೊಡದೆ ತಾನೇ ಹೊತ್ತುಕೊಂಡು ಬಸ್ಸಿನವರೆಗೆ ನಡೆದ.